ಸದ್ದು ನಿಂತರೆ ನನ್ನ ಪರದೆಯೇ ಆರಿದಂತೆ: ಕಂಪ್ಯೂಟರ್ ಕೆಟ್ಟಾಗ ನಮಗೆ ನೆರವು ಸಿಗುವುದು ಹೇಗೆ?

ಮಲ್ಲೇಶ್ವರದ ಗ್ರಂಥಪಾಲಕ | ಗುರುವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಾನು ಮಲ್ಲೇಶ್ವರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ನನಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಅದನ್ನು ಕೇಳಿಕೊಂಡು, ಮೌಸ್ ಮುಟ್ಟದೆ, ಕೀಲಿಮಣೆಯಿಂದಲೇ ಪುಸ್ತಕಗಳ ಪಟ್ಟಿ, ಪತ್ರವ್ಯವಹಾರ, ಬ್ಯಾಂಕಿನ ಕೆಲಸ ಎಲ್ಲವನ್ನೂ ಹನ್ನೆರಡು ವರ್ಷಗಳಿಂದ ನಾನೇ ಮಾಡಿಕೊಂಡು ಬಂದಿದ್ದೇನೆ.

ಕಳೆದ ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದಾಗ ಮಾತೇ ಬರಲಿಲ್ಲ. ಹಿಂದಿನ ರಾತ್ರಿ ಅಪ್‌ಡೇಟ್ ಆಗಿತ್ತು. ಒಳಗೆ ಫ್ಯಾನ್ ತಿರುಗುವುದು ಕೇಳುತ್ತಿತ್ತು, ಅಂಗೈಗೆ ಬಿಸಿ ತಾಗುತ್ತಿತ್ತು, ಯಂತ್ರ ಬದುಕಿತ್ತು. ಆದರೆ ನನ್ನ ಪಾಲಿಗೆ ಅದು ಮುಚ್ಚಿದ ಪೆಟ್ಟಿಗೆಯಾಗಿತ್ತು. ತಯಾರಕರ ಸಹಾಯವಾಣಿಗೆ ಕರೆ ಮಾಡಿದೆ. "ಸರ್, ಕೆಳಗೆ ಬಲಗಡೆ ಸ್ಪೀಕರಿನ ಚಿತ್ರ ಕಾಣುತ್ತದೆಯಲ್ಲ, ಅದರ ಮೇಲೆ ಕೆಂಪು ಗುರುತು ಇದೆಯೇ ನೋಡಿ" ಎಂದರು. ನನಗೆ ಕಣ್ಣು ಕಾಣುವುದಿಲ್ಲ, ಯಾವ ಕೀಲಿ ಒತ್ತಬೇಕೆಂದು ಹೇಳಿದರೆ ಸಾಕು ಎಂದೆ. ಸ್ವಲ್ಪ ಹೊತ್ತು ಮೌನ. ಅನಂತರ, "ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಫೋನ್ ಅವರಿಗೆ ಕೊಡಿ ಸರ್" ಎಂದರು. ಮನೆಯಲ್ಲಿ ಇದ್ದವನು ನಾನೊಬ್ಬನೇ.

ಮರುದಿನ ಅವರ ಕಡೆಯ ತಂತ್ರಜ್ಞರು ಮನೆಗೇ ಬಂದರು. ಹತ್ತು ನಿಮಿಷದಲ್ಲಿ ಸದ್ದು ಮರಳಿತು. ಅವರು ಹೊರಟು ಹೋದ ಮೇಲೆ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ವಿಂಡೋಸ್ ತೆರೆಯುವ ಸದ್ದು ಮಾತ್ರ ಬಂತು, ಎನ್‌ವಿಡಿಎ ಮಾತನಾಡಲಿಲ್ಲ. ಫೋನ್ ಮಾಡಿ ಕೇಳಿದಾಗ, "ಯಾವುದೋ ಪ್ರೋಗ್ರಾಂ ತಾನಾಗಿಯೇ ಮಾತನಾಡುತ್ತಿತ್ತು ಸರ್, ವೈರಸ್ ಇರಬಹುದೆಂದು ತೆಗೆದು ಹಾಕಿದೆ" ಎಂದು ಬಹಳ ವಿನಯದಿಂದಲೇ ಹೇಳಿದರು. ಅವರ ಮೇಲೆ ನನಗೆ ಕೋಪವಿಲ್ಲ, ಅವರಿಗೆ ಯಾರೂ ಕಲಿಸಿರಲಿಲ್ಲ. ನನ್ನ ಪ್ರಶ್ನೆ ಇಷ್ಟೇ: ಕಂಪ್ಯೂಟರ್ ಬಳಸಲು ಬೇಕಾದ ತಂತ್ರಾಂಶ ನಮಗೆ ದೊರೆತು ಎಷ್ಟೋ ವರ್ಷಗಳಾದರೂ, ಕಂಪ್ಯೂಟರ್ ಕೆಟ್ಟಾಗ ಸಿಗುವ ನೆರವು ಮಾತ್ರ ಇನ್ನೂ ಕಣ್ಣಿದ್ದವರಿಗಾಗಿಯೇ ಏಕೆ ಇದೆ? ನೀವೆಲ್ಲ ಏನು ಮಾಡಿಕೊಂಡಿದ್ದೀರಿ?

ಎಸ್.ಪಿ. ರಸ್ತೆ ಅಂಗಡಿ | ಗುರುವಾರ, ರಾತ್ರಿ 9:05

ಸರ್, ಮೊದಲು ಒಂದು ಸುಲಭ ಉಪಾಯ ಹೇಳುತ್ತೇನೆ. ಯುಎಸ್‌ಬಿ ಹೆಡ್‌ಫೋನ್ ಒಂದನ್ನು ಅಥವಾ ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಮೇಜಿನ ಖಾನೆಯಲ್ಲಿ ಸದಾ ಇಟ್ಟುಕೊಳ್ಳಿ. ಯಂತ್ರದೊಳಗಿನ ಸೌಂಡ್ ಡ್ರೈವರ್, ಎಂದರೆ ಸದ್ದಿನ ಸಾಧನವನ್ನು ನಡೆಸುವ ತಂತ್ರಾಂಶ, ಹಾಳಾದರೂ ಯುಎಸ್‌ಬಿ ಸಾಧನ ತನ್ನದೇ ದಾರಿಯಲ್ಲಿ ಕೆಲಸ ಮಾಡುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಸಾಮಾನ್ಯ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ. ಚುಚ್ಚಿ ಅರ್ಧ ನಿಮಿಷ ಕಾದರೆ ಹೆಚ್ಚಿನ ಸಲ ಮಾತು ಬರುತ್ತದೆ. ನಮ್ಮ ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ದುರಸ್ತಿ ಮೇಜು | ಗುರುವಾರ, ರಾತ್ರಿ 9:30

ನಾನು ವೈಟ್‌ಫೀಲ್ಡ್‌ನ ಕಂಪನಿಯೊಂದರ ಸಹಾಯ ವಿಭಾಗದಲ್ಲಿ ಏಳು ವರ್ಷಗಳಿಂದ ಇದ್ದೇನೆ. ಆ ಕಡೆಯ ಮಾತನ್ನೂ ಹೇಳಬೇಕಲ್ಲ. ನಮಗೆ ಕೊಡುವ ಮಾರ್ಗಸೂಚಿಯ ಪ್ರತಿಯೊಂದು ಹೆಜ್ಜೆಯಲ್ಲೂ "ಇಲ್ಲಿ ಕ್ಲಿಕ್ ಮಾಡಲು ಹೇಳಿ" ಎಂದೇ ಬರೆದಿರುತ್ತದೆ, ಪಕ್ಕದಲ್ಲಿ ಚಿತ್ರವಿರುತ್ತದೆ. ಕರೆಯೊಂದಕ್ಕೆ ಇಂತಿಷ್ಟು ನಿಮಿಷವೆಂಬ ಲೆಕ್ಕವಿರುತ್ತದೆ. ಅದನ್ನು ಮೀರಿದರೆ ಮೇಲಿನವರಿಗೆ ಉತ್ತರ ಕೊಡಬೇಕು. ಆ ಕಡೆಯ ವ್ಯಕ್ತಿ ಕಣ್ಣು ಕಾಣುವುದಿಲ್ಲ ಎಂದಾಗ ನಾವು ಗಾಬರಿಯಾಗುವುದು ಅಸಡ್ಡೆಯಿಂದಲ್ಲ, ಕೈಯಲ್ಲಿರುವ ಕಾಗದದಲ್ಲಿ ಮುಂದಿನ ಸಾಲು ಇಲ್ಲದಿರುವುದರಿಂದ. ಆದರೂ ಸ್ಕ್ರೀನ್ ರೀಡರ್ ಅನ್ನು ಕೇಳದೆ ತೆಗೆದು ಹಾಕಿದ್ದು ತಪ್ಪು, ಅದನ್ನು ಸಮರ್ಥಿಸಲಾರೆ.

ಹಳೆ ನುಡಿಗಾರ | ಗುರುವಾರ, ರಾತ್ರಿ 9:48

ಗ್ರಂಥಪಾಲಕರೇ, ತುರ್ತಿಗೆ ಒಂದು ಮಾತು. ಎನ್‌ವಿಡಿಎ ಇಲ್ಲವಾದಾಗ ವಿಂಡೋಸ್‌ನೊಳಗೇ ಇರುವ ನ್ಯಾರೇಟರ್ ಅನ್ನು ಕರೆಯಬಹುದು: ವಿಂಡೋಸ್ ಕೀಲಿ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ಅದರ ನೆರವಿನಿಂದ ಎನ್‌ವಿಡಿಎಯನ್ನು ಮತ್ತೆ ಇಳಿಸಿಕೊಳ್ಳಬಹುದು. ಅಮೆರಿಕದ ಈ ಎನ್‌ವಿಡಿಎ ಪುಕ್ಕಟೆಯಾಗಿ ಸಿಗುವುದೇ ನಮ್ಮ ಪುಣ್ಯ.

ಮಲ್ಲೇಶ್ವರದ ಗ್ರಂಥಪಾಲಕ | ಗುರುವಾರ, ರಾತ್ರಿ 10:02

ಒಂದು ಸಣ್ಣ ತಿದ್ದುಪಡಿ ಸರ್. ಎನ್‌ವಿಡಿಎ ಅಮೆರಿಕದ್ದಲ್ಲ, ಆಸ್ಟ್ರೇಲಿಯದ್ದು. 2006ರಲ್ಲಿ ಮೈಕೇಲ್ ಕರನ್ ಅದನ್ನು ಆರಂಭಿಸಿದರು, ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ದೃಷ್ಟಿಯಿಲ್ಲ. ಹಣ ಕೊಟ್ಟು ಕೊಳ್ಳಬೇಕಾದ ಜಾಸ್ ಎಂಬ ಸ್ಕ್ರೀನ್ ರೀಡರ್ ನಮ್ಮಂಥವರ ಸಂಬಳಕ್ಕೆ ನಿಲುಕುವುದಿಲ್ಲವಾದ್ದರಿಂದ, ಅವರಿಬ್ಬರ ಈ ಕೆಲಸದಿಂದಲೇ ನಾನು ಇಂದು ದುಡಿಯುತ್ತಿದ್ದೇನೆ ಎಂದರೆ ಅತಿಶಯವಲ್ಲ. ನ್ಯಾರೇಟರ್ ಉಪಾಯಕ್ಕೆ ಧನ್ಯವಾದ. ನಾನೂ ಮಂಗಳವಾರ ಸಂಜೆ ಹಾಗೆಯೇ ಎನ್‌ವಿಡಿಎಯನ್ನು ಮರಳಿ ಹಾಕಿಕೊಂಡೆ.

ಕೈಮಾತು | ಗುರುವಾರ, ರಾತ್ರಿ 10:20

ನನಗೆ ಕಿವಿ ಕೇಳಿಸುವುದಿಲ್ಲ. ಇಂದಿರಾನಗರದಲ್ಲಿ ಚಿತ್ರವಿನ್ಯಾಸದ ಕೆಲಸ ಮಾಡುತ್ತೇನೆ. ಇಲ್ಲಿಯವರೆಗೆ ಎಲ್ಲರೂ ಕಣ್ಣಿನ ಬಗ್ಗೆಯೇ ಬರೆದಿದ್ದೀರಿ. ನನ್ನ ಕಥೆ ಇದರ ತಿರುವುಮುರುವು: ಪರದೆ ಚೆನ್ನಾಗಿ ಕಾಣುತ್ತದೆ, ಆದರೆ ನೆರವಿನ ಬಾಗಿಲು ಫೋನಿನಲ್ಲಿ ಮಾತ್ರ ತೆರೆಯುತ್ತದೆ.

ಕಳೆದ ವರ್ಷ ನನ್ನ ಮಾನಿಟರ್ ಕೆಟ್ಟಿತು. ಜಾಲತಾಣದಲ್ಲಿ ದೂರು ದಾಖಲಿಸಿ, "ನಾನು ಕಿವುಡಳು, ದಯವಿಟ್ಟು ಕರೆ ಮಾಡಬೇಡಿ, ಇಮೇಲ್ ಅಥವಾ ಸಂದೇಶ ಕಳುಹಿಸಿ" ಎಂದು ಸ್ಪಷ್ಟವಾಗಿ ಬರೆದೆ. ಅವರು ಮೂರು ದಿನ ಮೂರು ಬಾರಿ ಕರೆ ಮಾಡಿದರು. ನಾಲ್ಕನೆಯ ದಿನ ಸಂದೇಶ ಬಂತು: "ಗ್ರಾಹಕರು ಕರೆ ಸ್ವೀಕರಿಸಲಿಲ್ಲವಾದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ." ಹೀಗೆ ಎರಡು ಬಾರಿ ಆಯಿತು. ಕೊನೆಗೆ ನನ್ನ ಅಣ್ಣ ನನ್ನ ಹೆಸರಿನಲ್ಲಿ ಮಾತನಾಡಿದ ಮೇಲೆ ಮಾನಿಟರ್ ಬದಲಾಯಿಸಿ ಕೊಟ್ಟರು. ಸ್ವಂತ ದುಡಿಮೆಯಲ್ಲಿ ಕೊಂಡ ವಸ್ತುವಿನ ದುರಸ್ತಿಗೆ ಅಣ್ಣನ ಕೈ ಕಾಯಬೇಕಾಗಿ ಬಂದದ್ದು ನನಗೆ ಬಹಳ ನೋವು ತಂದಿತು.

ಸಂದೇಹಿ | ಗುರುವಾರ, ರಾತ್ರಿ 10:41

ಎಲ್ಲರ ಕಷ್ಟವೂ ಅರ್ಥವಾಗುತ್ತದೆ. ಆದರೆ ಪ್ರತಿಯೊಬ್ಬ ತಂತ್ರಜ್ಞನಿಗೂ ಸ್ಕ್ರೀನ್ ರೀಡರ್, ಬ್ರೈಲ್, ಸಂಜ್ಞಾ ಭಾಷೆ ಎಲ್ಲವನ್ನೂ ಕಲಿಸುವುದು ಸಾಧ್ಯವೇ? ಸಣ್ಣ ಅಂಗಡಿಯವರು ಎಲ್ಲಿಗೆ ಹೋಗಬೇಕು? ಪ್ರತಿಯೊಂದು ಕಂಪನಿಯೂ ಒಂದು ಪ್ರತ್ಯೇಕ ಸಂಖ್ಯೆ ಇಟ್ಟರೆ ಸಾಲದೇ?

ದುರಸ್ತಿ ಮೇಜು | ಗುರುವಾರ, ರಾತ್ರಿ 10:55

ಪ್ರತ್ಯೇಕ ವ್ಯವಸ್ಥೆ ಈಗಾಗಲೇ ಕೆಲವು ಕಡೆ ಇದೆ. ಮೈಕ್ರೋಸಾಫ್ಟ್ ಅಂಗವಿಕಲರಿಗಾಗಿಯೇ ಒಂದು ಸಹಾಯ ಮೇಜನ್ನು ನಡೆಸುತ್ತದೆ. ಡೆನ್ಮಾರ್ಕ್‌ನಲ್ಲಿ ಹುಟ್ಟಿ 2015ರಲ್ಲಿ ಬಿಡುಗಡೆಯಾದ ಬಿ ಮೈ ಐಸ್ ಎಂಬ ಆ್ಯಪ್ ಮೂಲಕವೂ ಅವರನ್ನು ತಲುಪಬಹುದು, ಫೋನಿನ ಕ್ಯಾಮೆರಾವನ್ನು ಪರದೆಯ ಕಡೆಗೆ ಹಿಡಿದರೆ ಅವರು ನೋಡಿ ಹೇಳುತ್ತಾರೆ. ಅದೇ ಆ್ಯಪ್‌ನಲ್ಲಿ ಸ್ವಯಂಸೇವಕರೂ ಇದ್ದಾರೆ. ಗ್ರಂಥಪಾಲಕರಿಗೆ ಆ ಸೋಮವಾರ ಅದು ನೆರವಾಗುತ್ತಿತ್ತು ಎನ್ನಿಸುತ್ತದೆ.

ಮಲ್ಲೇಶ್ವರದ ಗ್ರಂಥಪಾಲಕ | ಗುರುವಾರ, ರಾತ್ರಿ 11:15

ಆ್ಯಪ್ ನನ್ನ ಬಳಿಯೂ ಇದೆ, ಮಾತ್ರೆಗಳ ಪೊಟ್ಟಣದ ಮೇಲಿನ ದಿನಾಂಕ ಓದಿಸಿಕೊಳ್ಳಲು ಬಳಸುತ್ತೇನೆ. ಆದರೆ ಬ್ಯಾಂಕಿನ ಪುಟ ತೆರೆದಿರುವ ಪರದೆಯನ್ನು ಅಪರಿಚಿತರಿಗೆ ತೋರಿಸಲು ಮನಸ್ಸು ಬರುವುದಿಲ್ಲ. ಪ್ರತ್ಯೇಕ ಮೇಜಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅಂಥ ಮೇಜು ಇದ್ದರೆ ಒಳ್ಳೆಯದೇ, ಆದರೆ ಮೊದಲ ಕರೆಯಲ್ಲಿ ಸಿಗುವವರಿಗೆ ಏನೂ ತಿಳಿಯದಿದ್ದರೆ ನಮ್ಮನ್ನು ಅಲ್ಲಿಂದಿಲ್ಲಿಗೆ ವರ್ಗಾಯಿಸುತ್ತಲೇ ಇರುತ್ತಾರೆ, ಮತ್ತು ನಮ್ಮ ಕರೆಯನ್ನು ಬೇರೆ ಕಡೆಗೆ ದಾಟಿಸುವುದೇ ತಮ್ಮ ಕೆಲಸವೆಂದು ಭಾವಿಸುತ್ತಾರೆ. ನನಗೆ ಆ ದಿನ ಬೇಕಾಗಿದ್ದದ್ದು ವಿಶೇಷ ತಜ್ಞರಲ್ಲ. ವಿಂಡೋಸ್ ಕೀಲಿ ಮತ್ತು ಎಕ್ಸ್ ಒತ್ತಿ, ಅನಂತರ ಎಂ ಒತ್ತಿ ಎಂದು ಹೇಳಬಲ್ಲ ಒಬ್ಬ ಸಾಮಾನ್ಯ ತಂತ್ರಜ್ಞ ಸಾಕಾಗಿತ್ತು. ಅಷ್ಟು ಮಾಡಿದರೆ ಯಂತ್ರದ ಸಾಧನಗಳನ್ನೂ ಅವುಗಳ ಡ್ರೈವರ್‌ಗಳನ್ನೂ ನೋಡಿಕೊಳ್ಳುವ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ.

ಬಸವನಗುಡಿ ಮೇಷ್ಟ್ರು | ಶುಕ್ರವಾರ, ಬೆಳಿಗ್ಗೆ 6:30

ನಾನು ನಿವೃತ್ತ ಶಿಕ್ಷಕ, ವಯಸ್ಸು ಎಪ್ಪತ್ತೊಂದು. ಗ್ಲಾಕೋಮಾದಿಂದ ದೃಷ್ಟಿ ಕಿರಿದಾಗುತ್ತಾ ಬಂದಿದೆ, ಪೂರ್ತಿ ಹೋಗಿಲ್ಲ. ಕೊಳವೆಯೊಳಗಿಂದ ನೋಡಿದಂತೆ ನಡುವೆ ಸ್ವಲ್ಪ ಕಾಣುತ್ತದೆ. ನಮ್ಮಂಥ ಮಂದದೃಷ್ಟಿಯವರದು ಬೇರೆಯೇ ಫಜೀತಿ, ಏಕೆಂದರೆ ಕಾಣುತ್ತದೆ ಎಂದರೆ ಪೂರ್ತಿ ಕಾಣುತ್ತದೆ ಎಂದೇ ಜನ ತಿಳಿಯುತ್ತಾರೆ.

ನನ್ನ ಕಂಪ್ಯೂಟರಿನಲ್ಲಿ ಹಿನ್ನೆಲೆ ಕಪ್ಪು, ಅಕ್ಷರ ಹಳದಿ, ಗಾತ್ರ ಎರಡೂವರೆ ಪಟ್ಟು. ಇದನ್ನು ನನ್ನ ಮೊಮ್ಮಗಳು ಎರಡು ಭಾನುವಾರ ಕುಳಿತು ಹೊಂದಿಸಿಕೊಟ್ಟಿದ್ದಳು. ಪ್ರಿಂಟರ್ ಸರಿಮಾಡಲು ಬಂದ ಹುಡುಗ, ಪರದೆ ಹಾಳಾಗಿದೆ ಎಂದು ಭಾವಿಸಿ, ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದು, "ಸರಿಯಾಯಿತು ಅಂಕಲ್" ಎಂದು ಹೇಳಿ ಹೋದ. ಬಿಳಿ ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಅಕ್ಷರಗಳು ಇರುವೆಯ ಸಾಲಿನಂತೆ ಕಾಣುತ್ತಿದ್ದವು. ಮೊಮ್ಮಗಳು ಮೈಸೂರಿನಿಂದ ಬರುವ ತನಕ ಹನ್ನೊಂದು ದಿನ ಇಮೇಲ್ ತೆರೆಯಲಿಲ್ಲ.

ದೂರದಿಂದ ಯಂತ್ರವನ್ನು ಹಿಡಿತಕ್ಕೆ ತೆಗೆದುಕೊಂಡು ಸರಿಪಡಿಸುವವರಿಗೂ ಒಂದು ವಿನಂತಿ. ವಿಂಡೋಸ್ ಕೀಲಿ ಮತ್ತು ಪ್ಲಸ್ ಒತ್ತಿದರೆ ಬರುವ ಮ್ಯಾಗ್ನಿಫೈಯರ್ ಅನ್ನು ನಾನು ಬಳಸುತ್ತೇನೆ. ಆಗ ಮೌಸ್ ಹೋದ ಕಡೆಗೆಲ್ಲ ದೃಶ್ಯವೂ ಓಡುತ್ತದೆ. ನೀವು ಅಲ್ಲಿ ಕುಳಿತು ಮೌಸನ್ನು ಸರ್ರನೆ ಎಳೆದರೆ ಇಲ್ಲಿ ನನ್ನ ಪರದೆ ಪೂರ್ತಿ ತಿರುಗಿ ತಲೆಸುತ್ತು ಬರುತ್ತದೆ. ಏನು ಮಾಡುತ್ತಿದ್ದೀರೆಂದು ಬಾಯಲ್ಲಿ ಹೇಳಿ, ನಿಧಾನವಾಗಿ ಮಾಡಿ.

ವಿಜಯನಗರದ ಅಕ್ಕ | ಶುಕ್ರವಾರ, ಬೆಳಿಗ್ಗೆ 7:12

ಮೇಷ್ಟ್ರೇ, ಹನ್ನೊಂದು ದಿನ ಎಂದು ಓದಿ ಸಂಕಟವಾಯಿತು. ಹೊಂದಿಕೆಗಳನ್ನೆಲ್ಲ ಒಂದು ಕಾಗದದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಮಾನಿಟರಿನ ಹಿಂದೆ ಅಂಟಿಸಿಬಿಡಿ. "ಇವುಗಳನ್ನು ಬದಲಾಯಿಸಬೇಡಿ" ಎಂದೂ ಬರೆಯಿರಿ.

ಕಾನೂನು ಕಡತ | ಶುಕ್ರವಾರ, ಬೆಳಿಗ್ಗೆ 9:25

ಇದು ದಯೆಯ ವಿಷಯವಲ್ಲ, ಹಕ್ಕಿನ ವಿಷಯ ಎಂಬುದನ್ನು ಯಾರಾದರೂ ಹೇಳಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂದು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. 1995ರ ಹಳೆಯ ಕಾನೂನಿನಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದರೆ ಹೊಸದರಲ್ಲಿ ಇಪ್ಪತ್ತೊಂದಿವೆ. ಅದರ 42ನೆಯ ಕಲಮು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಕುರಿತಾದುದು, 46ನೆಯದು ಸರ್ಕಾರಿ ಮತ್ತು ಖಾಸಗಿ ಸೇವಾದಾತರಿಬ್ಬರಿಗೂ ಅನ್ವಯಿಸುತ್ತದೆ. ಮೊದಲ ಉಲ್ಲಂಘನೆಗೆ ಹತ್ತು ಸಾವಿರ ರೂಪಾಯಿಯವರೆಗೆ, ಆಮೇಲಿನವುಗಳಿಗೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ ವಿಧಿಸಲು 89ನೆಯ ಕಲಮು ಅವಕಾಶ ಕೊಡುತ್ತದೆ. ಕೈಮಾತು ಅವರ ದೂರನ್ನು ಮುಚ್ಚಿದವರು ಈ ಕಾನೂನಿನ ಮುಂದೆ ನಿಲ್ಲಬೇಕಾದವರೇ.

ಸಂದೇಹಿ | ಶುಕ್ರವಾರ, ಬೆಳಿಗ್ಗೆ 9:50

ಕಾನೂನು 2016ರದು. ಇಷ್ಟು ವರ್ಷಗಳಾದರೂ ಪರಿಸ್ಥಿತಿ ಬದಲಾಗಿಲ್ಲವೆಂದರೆ ಅದರಿಂದ ಆಗುವುದೇನು?

ಕಾನೂನು ಕಡತ | ಶುಕ್ರವಾರ, ಬೆಳಿಗ್ಗೆ 10:20

ಆಗಿದೆ. ಕಾನೂನು ಕಡ್ಡಾಯವೆಂದರೂ ಅದರ ಕೆಳಗಿನ ನಿಯಮಗಳು ಸಲಹೆಯ ಧಾಟಿಯಲ್ಲಿದ್ದವು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ತೋರಿಸಿ, 15ನೆಯ ನಿಯಮದ ಮೊದಲ ಉಪನಿಯಮವು ಮೂಲ ಕಾನೂನಿಗೆ ವಿರುದ್ಧವಾಗಿದೆಯೆಂದು ಹೇಳಿತು. ಕಡ್ಡಾಯವಾದ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಕಾಲಾವಕಾಶ ನೀಡಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆಯು, ಎಂದರೆ ಅಂಗವಿಕಲರೂ ಅವುಗಳನ್ನು ಬಳಸುವಂತಿರುವುದು, ಸಂವಿಧಾನದ 21ನೆಯ ವಿಧಿಯು ಕೊಡುವ ಬದುಕುವ ಹಕ್ಕಿನ ಭಾಗವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಆ ಅರ್ಜಿದಾರರು ಆ್ಯಸಿಡ್ ದಾಳಿಗೆ ತುತ್ತಾದವರು. ಗುರುತನ್ನು ದೃಢಪಡಿಸುವ ಕೆವೈಸಿಗಾಗಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕು ಎಂಬ ಷರತ್ತು ಅವರಿಂದ ಆಗದ ಮಾತಾಗಿತ್ತು. ಇನ್ನು ತಾಂತ್ರಿಕ ಅಳತೆಗೋಲು ಬೇಕೆನ್ನುವವರಿಗೆ ಐಎಸ್ 17802 ಎಂಬ ಭಾರತೀಯ ಮಾನಕವೇ ಇದೆ. ಸಹಾಯವಾಣಿ, ಕೈಪಿಡಿಗಳನ್ನು ಹೊರಗಿಟ್ಟು ಲಭ್ಯತೆಯ ಮಾತನಾಡಲಾಗದು ಎಂಬುದು ನನ್ನ ವಾದ.

ದುರಸ್ತಿ ಮೇಜು | ಶುಕ್ರವಾರ, ಮಧ್ಯಾಹ್ನ 1:10

ಕಾನೂನು ಇರಲಿ, ಊಟದ ವಿರಾಮದಲ್ಲಿ ಒಂದು ಪ್ರಯತ್ನ ಮಾಡಿದೆ, ಅದನ್ನು ಬರೆಯಲೇಬೇಕು. ಕಚೇರಿಯ ಒಂದು ಲ್ಯಾಪ್‌ಟಾಪಿಗೆ ಎನ್‌ವಿಡಿಎ ಹಾಕಿ, ಪರದೆಯ ಮೇಲೆ ಟವೆಲ್ ಹೊದಿಸಿ, ಸೌಂಡ್ ಡ್ರೈವರ್ ಅನ್ನು ಹಿಂದಿನ ಆವೃತ್ತಿಗೆ ಮರಳಿಸಲು ಕುಳಿತೆ. ಮೌಸಿನಿಂದ ಕಣ್ಣು ಮುಚ್ಚಿ ಮಾಡುತ್ತೇನೆ ಎನ್ನುವಷ್ಟು ಅಭ್ಯಾಸವಾದ ಕೆಲಸ ಅದು. ನಿಜವಾಗಿ ಕಣ್ಣು ಮುಚ್ಚಿದಾಗ ನಲವತ್ತು ನಿಮಿಷ ಹಿಡಿಯಿತು.

ಮೊದಲ ಹತ್ತು ನಿಮಿಷ ಮಾತನ್ನು ನಿಲ್ಲಿಸುವುದೇ ತಿಳಿಯಲಿಲ್ಲ. ಕಂಟ್ರೋಲ್ ಒತ್ತಿದರೆ ನಿಲ್ಲುತ್ತದೆಂದು ಆಮೇಲೆ ಗೊತ್ತಾಯಿತು. ಡಿವೈಸ್ ಮ್ಯಾನೇಜರಿನ ಪಟ್ಟಿಯಲ್ಲಿ ಎಸ್ ಅಕ್ಷರ ಒತ್ತುತ್ತಾ ಹೋದರೆ ಸೌಂಡ್ ಎಂಬಲ್ಲಿಗೆ ಜಿಗಿಯಬಹುದು, ಬಲಬಾಣದಿಂದ ಅದು ಬಿಚ್ಚಿಕೊಳ್ಳುತ್ತದೆ, ಕೆಳಬಾಣದಿಂದ ಸಾಧನಕ್ಕೆ ಇಳಿದು ಎಂಟರ್ ಒತ್ತಿದರೆ ಅದರ ವಿವರ ತೆರೆಯುತ್ತದೆ, ಕಂಟ್ರೋಲ್ ಮತ್ತು ಟ್ಯಾಬ್ ಒತ್ತುತ್ತಾ ಡ್ರೈವರ್ ಪುಟಕ್ಕೆ ಹೋಗಬಹುದು. ಏಳು ವರ್ಷದ ಕೆಲಸದಲ್ಲಿ ಈ ದಾರಿಯಲ್ಲಿ ನಾನು ಒಮ್ಮೆಯೂ ನಡೆದಿರಲಿಲ್ಲ. ಬಣ್ಣ, ದಿಕ್ಕು, "ಅಲ್ಲಿ", "ಇಲ್ಲಿ" ಎಂಬ ಪದಗಳನ್ನು ಬಿಟ್ಟು ಇದನ್ನು ಪೂರ್ತಿ ಬರೆದಿಟ್ಟುಕೊಂಡಿದ್ದೇನೆ.

ಮಲ್ಲೇಶ್ವರದ ಗ್ರಂಥಪಾಲಕ | ಶುಕ್ರವಾರ, ಮಧ್ಯಾಹ್ನ 1:45

ಇದನ್ನು ಕೇಳಿ ನನ್ನ ಮನಸ್ಸು ತುಂಬಿತು. ನಿಮಗೆ ಇನ್ನೆರಡು ಮಾತು ಹೇಳುತ್ತೇನೆ. ನಮ್ಮ ಪಕ್ಕದಲ್ಲಿ ಕುಳಿತು ಸರಿಪಡಿಸುವಾಗ ಎನ್‌ವಿಡಿಎಯ ವೇಗದ ಮಾತು ನಿಮಗೆ ಅರ್ಥವಾಗದಿದ್ದರೆ, ಅದರ ಮೆನುವಿನ ಟೂಲ್ಸ್ ವಿಭಾಗದಲ್ಲಿ ಸ್ಪೀಚ್ ವ್ಯೂವರ್ ಎಂಬುದಿದೆ. ಅದನ್ನು ತೆರೆದರೆ ನನ್ನ ಕಿವಿಗೆ ಬೀಳುವುದೆಲ್ಲ ನಿಮ್ಮ ಕಣ್ಣಿಗೆ ಅಕ್ಷರವಾಗಿ ಕಾಣುತ್ತದೆ. ಆಗ ಎನ್‌ವಿಡಿಎಯನ್ನು ಬಂದ್ ಮಾಡುವ ಅಗತ್ಯವೇ ಬೀಳುವುದಿಲ್ಲ. ಎರಡನೆಯದು, ದಯವಿಟ್ಟು ಕೇಳದೆ ನಮ್ಮ ಕೈಯಿಂದ ಯಂತ್ರವನ್ನು ಎಳೆದುಕೊಳ್ಳಬೇಡಿ. ನನ್ನ ಕೀಲಿಮಣೆಯ ಕೆಲವು ಕೀಲಿಗಳ ಮೇಲೆ ಹೆಂಡತಿಯ ಸ್ಟಿಕ್ಕರ್ ಬಿಂದಿಗಳನ್ನು ಅಂಟಿಸಿಕೊಂಡಿದ್ದೇನೆ. ಎಫ್ ಮತ್ತು ಜೆ ಮೇಲಿನ ಗೀರುಗಳಂತೆ ಅವು ನನ್ನ ಬೆರಳಿಗೆ ಗುರುತು. ಒಮ್ಮೆ ಒಬ್ಬರು ಕೀಲಿಮಣೆಯನ್ನು ಶುಚಿಗೊಳಿಸುತ್ತೇನೆಂದು ಎಲ್ಲವನ್ನೂ ಉಗುರಿನಿಂದ ಕೆರೆದು ತೆಗೆದರು.

ಹಳೆ ನುಡಿಗಾರ | ಶುಕ್ರವಾರ, ಮಧ್ಯಾಹ್ನ 3:00

ಕನ್ನಡದ ಸಂಗತಿಯನ್ನು ಯಾರೂ ಎತ್ತಲಿಲ್ಲ. ಇಸ್ಪೀಕ್ ಎಂಬ ಮುಕ್ತ ಧ್ವನಿ ತಂತ್ರಾಂಶದಲ್ಲಿ ಕನ್ನಡವಿದೆ, ಎನ್‌ವಿಡಿಎ ಅದರಿಂದಲೇ ಕನ್ನಡ ಓದುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದಲ್ಲಿ ಕನ್ನಡ ಧ್ವನಿ ಮತ್ತು ಮುದ್ರಿತ ಕನ್ನಡವನ್ನು ಪಠ್ಯವಾಗಿಸುವ ಓಸಿಆರ್ ಎರಡರ ಮೇಲೂ ಕೆಲಸ ನಡೆದಿದೆ. ಆದರೆ ಓದಬೇಕಾದ ಪಠ್ಯವೇ ಸರಿಯಿಲ್ಲದಿದ್ದರೆ ಧ್ವನಿ ಏನು ಮಾಡೀತು? ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಕಡತ ನೋಡುವವರಿಗೆ ಕನ್ನಡವಾಗಿಯೇ ಕಾಣುತ್ತದೆ, ಒಳಗಿರುವುದು ಮಾತ್ರ ರೋಮನ್ ಸಂಕೇತಗಳು. "ಕನ್ನಡ" ಎಂಬ ಮೂರಕ್ಷರ ಸ್ಕ್ರೀನ್ ರೀಡರಿಗೆ ಪಿ, ಎ, ಪೌಂಡ್ ಚಿಹ್ನೆ ಎಂದು ಸಿಗುತ್ತದೆ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಬರೆದರೆ ಈ ತೊಂದರೆಯೇ ಇಲ್ಲ. ಕನ್ನಡದಲ್ಲಿ ಸಹಾಯ ಕೈಪಿಡಿ ಬರೆಯುವವರು ಮೊದಲು ಇದನ್ನು ಗಮನಿಸಬೇಕು.

ಮಲ್ಲೇಶ್ವರದ ಗ್ರಂಥಪಾಲಕ | ಶುಕ್ರವಾರ, ಮಧ್ಯಾಹ್ನ 3:20

ನಿಜ. ನಮ್ಮ ಕಾಲೇಜಿಗೆ ಬರುವ ಸುತ್ತೋಲೆಗಳಲ್ಲಿ ಎಷ್ಟೋ ಹಾಗೆಯೇ ಇರುತ್ತವೆ, ಇಲ್ಲವೇ ಕಾಗದವನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿರುತ್ತವೆ. ನನಗೆ ಸಂಬಂಧಿಸಿದ ಬಡ್ತಿಯ ಸುತ್ತೋಲೆಯನ್ನು ಒಬ್ಬ ವಿದ್ಯಾರ್ಥಿಯಿಂದ ಓದಿಸಿಕೊಂಡೆ.

ಕೈಮಾತು | ಶುಕ್ರವಾರ, ಸಂಜೆ 5:35

ದುರಸ್ತಿ ಮೇಜು ಅವರೇ, ನಿಮ್ಮ ಪ್ರಯತ್ನ ದೊಡ್ಡದು. ನಮಗಾಗಿ ಏನು ಮಾಡಬಹುದೆಂದೂ ಕೇಳಿ.

ಚಾಟ್ ಇದ್ದರೆ ಸಾಕು ಎಂದು ಕಂಪನಿಗಳು ಭಾವಿಸುತ್ತವೆ, ಅದು ಅರ್ಧ ಉತ್ತರ. ನಾನು ಐದನೆಯ ವಯಸ್ಸಿನಲ್ಲಿ ಜ್ವರ ಬಂದು ಶ್ರವಣ ಕಳೆದುಕೊಂಡೆ, ಅಷ್ಟರಲ್ಲಿ ಕನ್ನಡ ನಾಲಿಗೆಯ ಮೇಲಿತ್ತು, ಹಾಗಾಗಿ ಹೀಗೆ ಬರೆಯಬಲ್ಲೆ. ನನ್ನ ಗೆಳತಿಯೊಬ್ಬಳು ಹುಟ್ಟು ಕಿವುಡಿ. ಅವಳ ಮೊದಲ ಭಾಷೆ ಸಂಜ್ಞಾ ಭಾಷೆ, ಕನ್ನಡ ಮತ್ತು ಇಂಗ್ಲಿಷ್ ಅನಂತರ ಕಲಿತವು. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ, ಅದು ಕನ್ನಡವನ್ನೋ ಇಂಗ್ಲಿಷನ್ನೋ ಕೈಯಿಂದ ಆಡುವುದಲ್ಲ. ಆದ್ದರಿಂದ ಚಾಟ್‌ನಲ್ಲಿ ಉದ್ದನೆಯ ಸಿದ್ಧ ಉತ್ತರ ಬಂದರೆ ಅವಳು ಅದನ್ನು ನನಗೆ ಕಳುಹಿಸುತ್ತಾಳೆ, ನಾನು ವಿಡಿಯೊ ಕರೆಯಲ್ಲಿ ಸಂಜ್ಞೆಯಲ್ಲಿ ವಿವರಿಸುತ್ತೇನೆ. ಅಷ್ಟರಲ್ಲಿ ಆ ಕಡೆಯವರು "ನಿಮ್ಮಿಂದ ಉತ್ತರ ಬಾರದ ಕಾರಣ" ಎಂದು ಚಾಟ್ ಮುಗಿಸಿರುತ್ತಾರೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ ಹೊರತಂದ ನಿಘಂಟಿನಲ್ಲಿ ಹತ್ತು ಸಾವಿರ ಪದಗಳಿವೆ. ಆಧಾರ ಇಲ್ಲವೆಂದು ಹೇಳುವಂತಿಲ್ಲ. ವಾರಕ್ಕೆ ಕೆಲವು ಗಂಟೆಗಳಾದರೂ ಸಂಜ್ಞಾ ಭಾಷೆ ಬಲ್ಲವರೊಬ್ಬರನ್ನು ವಿಡಿಯೊ ಕರೆಯಲ್ಲಿ ಕೂರಿಸಬಹುದು. ಅದು ಆಗುವವರೆಗೆ ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ಕೆಲಸ, ಪಕ್ಕದಲ್ಲಿ ಬಾಣ ಹಾಕಿದ ಪರದೆಯ ಚಿತ್ರ. ಇಷ್ಟಿದ್ದರೆ ನನ್ನ ಗೆಳತಿ ನನ್ನನ್ನು ಕೇಳದೆ ಕೆಲಸ ಮುಗಿಸುತ್ತಾಳೆ.

ಮಲ್ಲೇಶ್ವರದ ಗ್ರಂಥಪಾಲಕ | ಶುಕ್ರವಾರ, ಸಂಜೆ 6:05

ಇಲ್ಲಿ ಒಂದು ತೊಡಕಿದೆ ಮೇಡಂ. ಬಾಣ ಹಾಕಿದ ಆ ಚಿತ್ರ ನನಗೆ ಬಂದರೆ ಸ್ಕ್ರೀನ್ ರೀಡರ್ "ಗ್ರಾಫಿಕ್" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ನಿಮಗೆ ದಾರಿಯಾದದ್ದು ನನಗೆ ಗೋಡೆಯಾಗುತ್ತದೆ.

ಸಂದೇಹಿ | ಶುಕ್ರವಾರ, ಸಂಜೆ 6:15

ನಾನು ಮೊದಲೇ ಹೇಳಿದ್ದು ಇದನ್ನೇ. ಒಬ್ಬೊಬ್ಬರಿಗೆ ಒಂದೊಂದು ಬಗೆ ಬೇಕೆಂದಾದರೆ ಯಾರಿಗೆಂದು ಮಾಡುವುದು?

ಕೈಮಾತು | ಶುಕ್ರವಾರ, ಸಂಜೆ 6:32

ಕೇಳಿದರೆ ಮುಗಿಯಿತಲ್ಲ. ದೂರು ದಾಖಲಿಸುವ ನಮೂನೆಯಲ್ಲಿ "ನಿಮ್ಮನ್ನು ಹೇಗೆ ಸಂಪರ್ಕಿಸಬೇಕು, ಉತ್ತರ ಯಾವ ರೂಪದಲ್ಲಿ ಬೇಕು" ಎಂಬ ಒಂದು ಪ್ರಶ್ನೆ ಇರಲಿ. ಮುಖ್ಯವಾಗಿ, ನಾವು ಬರೆದದ್ದನ್ನು ಆ ಕಡೆಯವರು ಓದಲಿ. ಹೆಜ್ಜೆಗಳನ್ನು ಪಠ್ಯದಲ್ಲಿ ಪೂರ್ತಿ ಬರೆದು ಜೊತೆಗೆ ಚಿತ್ರವನ್ನೂ ಇಟ್ಟರೆ ಗ್ರಂಥಪಾಲಕರಿಗೂ ಆಗುತ್ತದೆ, ನನಗೂ ಆಗುತ್ತದೆ. 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ ದೃಷ್ಟಿಯ ತೊಂದರೆಯವರು ಸುಮಾರು 50 ಲಕ್ಷ, ಶ್ರವಣದ ತೊಂದರೆಯವರು ಸುಮಾರು 50 ಲಕ್ಷ. ಇಷ್ಟು ಜನರಿಗಾಗಿ ಒಂದು ಪ್ರಶ್ನೆಯನ್ನು ಸೇರಿಸುವುದು ಭಾರವೇ?

ವಿಜಯನಗರದ ಅಕ್ಕ | ಶುಕ್ರವಾರ, ರಾತ್ರಿ 8:10

ಬೆಳಿಗ್ಗೆಯಿಂದ ಬರೆಯಬೇಕೆಂದುಕೊಳ್ಳುತ್ತಿದ್ದೆ, ಮನೆಗೆಲಸ ಮುಗಿದದ್ದು ಈಗ. ನನ್ನ ತಮ್ಮನಿಗೆ ಕಣ್ಣೂ ಕಾಣುವುದಿಲ್ಲ, ಕಿವಿಯೂ ಕೇಳುವುದಿಲ್ಲ. ನೀವು ಹೇಳಿದ ಧ್ವನಿಯೂ ಚಿತ್ರವೂ ಅವನಿಗೆ ಇಲ್ಲ. ಅವನು ಕಂಪ್ಯೂಟರ್ ಬಳಸುತ್ತಾನೆಂದರೆ ಹಲವರು ನಂಬುವುದಿಲ್ಲ.

ಅವನ ಬಳಿ ಆರ್ಬಿಟ್ ರೀಡರ್ 20 ಎಂಬ ಬ್ರೈಲ್ ಸಾಧನವಿದೆ. ಪರದೆಯ ಮೇಲಿನ ಸಾಲು ಅದರಲ್ಲಿ ಚುಕ್ಕಿಗಳಾಗಿ ಏಳುತ್ತದೆ. ಒಂದು ಬಾರಿಗೆ ಇಪ್ಪತ್ತು ಬ್ರೈಲ್ ಅಕ್ಷರಗಳಷ್ಟು ಮಾತ್ರ. ಅವನು ಓದುವಾಗ ಪಕ್ಕದಲ್ಲಿ ಕುಳಿತು ನೋಡುವುದು ನನಗೆ ಅಭ್ಯಾಸ: ಎಡಗೈಯ ತೋರುಬೆರಳು ಸಾಲಿನ ಮೇಲೆ ಹರಿಯುತ್ತದೆ, ಕೊನೆಗೆ ಬಂದಾಗ ಬಲಗೈ ಗುಂಡಿಯೊತ್ತುತ್ತದೆ, ಟರ್ ಎಂದು ಚುಕ್ಕಿಗಳು ಇಳಿದು ಹೊಸವು ಏಳುತ್ತವೆ. "ನಮ್ಮ ಸೇವೆಯನ್ನು ಆಯ್ದುಕೊಂಡದ್ದಕ್ಕೆ ಧನ್ಯವಾದಗಳು, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಒಂದು ಸಾಲನ್ನು ದಾಟಲು ಅವನು ಹಲವು ಬಾರಿ ಗುಂಡಿಯೊತ್ತಬೇಕು. ಚಾಟ್ ಅಷ್ಟರಲ್ಲಿ ಮುಗಿದು ಹೋಗಿರುತ್ತದೆ. ಆದ್ದರಿಂದ ಕೈಮಾತು ಮೇಡಂ ಕೇಳಿದ ಚಿಕ್ಕ ವಾಕ್ಯವೇ ನನ್ನ ತಮ್ಮನಿಗೂ ಬೇಕು, ಅದರ ಜೊತೆಗೆ ಕಾಯುವ ತಾಳ್ಮೆಯೂ ಬೇಕು. ಒಟಿಪಿಯ ಅವಧಿ ಮುಗಿಯುವುದರೊಳಗೆ ಅವನು ಅದನ್ನು ಓದಿ ಮತ್ತೆ ಬರೆಯುವುದು ಕೂಡ ಓಟದ ಪಂದ್ಯವೇ ಆಗಿದೆ.

ಕಾನೂನು ಕಡತ | ಶುಕ್ರವಾರ, ರಾತ್ರಿ 8:30

ಅಕ್ಕ, ನಿಮ್ಮ ತಮ್ಮನ ಅನುಭವವನ್ನು ನೀವು ಒಪ್ಪಿದರೆ ಲಿಖಿತ ದೂರಾಗಿ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರ ಕಚೇರಿಗೆ ಸಲ್ಲಿಸಬಹುದು. ಕರಡನ್ನು ನಾನು ಬರೆದುಕೊಡುತ್ತೇನೆ. ವೆಬ್ ಪುಟಗಳ ಲಭ್ಯತೆಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಗಳಲ್ಲಿ ಕಾಲಮಿತಿಯನ್ನು ಹೆಚ್ಚಿಸಿಕೊಳ್ಳಲು ಅವಕಾಶವಿರಬೇಕೆಂಬ ಅಂಶ ಹಳೆಯದು. 2023ರ ಅಕ್ಟೋಬರ್‌ನಲ್ಲಿ ಬಂದ 2.2ನೆಯ ಆವೃತ್ತಿ, ಲಾಗಿನ್ ಆಗುವುದಕ್ಕಾಗಿ ಒಗಟು ಬಿಡಿಸುವಂಥ ಪರೀಕ್ಷೆಗಳನ್ನು ಒಡ್ಡಬಾರದೆಂದೂ ಸೇರಿಸಿದೆ.

ಎಸ್.ಪಿ. ರಸ್ತೆ ಅಂಗಡಿ | ಶುಕ್ರವಾರ, ರಾತ್ರಿ 9:15

ಸಂದೇಹಿ ಅವರು ಸಣ್ಣ ಅಂಗಡಿಯವರ ಹೆಸರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ಹತ್ತಡಿ ಅಗಲದ ಅಂಗಡಿ. ಎನ್‌ವಿಡಿಎ ಪುಕ್ಕಟೆ, ಕಲಿಯಬೇಕಾದ ಕೀಲಿಗಳು ಹತ್ತೋ ಹದಿನೈದೋ. ಇದಕ್ಕೆ ಬಂಡವಾಳವೇನೂ ಬೇಡ. ಇವತ್ತು ಮಧ್ಯಾಹ್ನವೇ ನಮ್ಮ ಹುಡುಗರಿಗೆ ಎರಡು ಮಾತು ಹೇಳಿದೆ: ಮಾತನಾಡುವ ಪ್ರೋಗ್ರಾಂ ಕಂಡರೆ ಮುಟ್ಟಬೇಡಿ, ಬಣ್ಣ ಮತ್ತು ಗಾತ್ರ ವಿಚಿತ್ರವಾಗಿ ಕಂಡರೆ ಕೇಳದೆ ಬದಲಾಯಿಸಬೇಡಿ. ಒಬ್ಬ ಹುಡುಗ ಕೇಳಿದ, ಯಂತ್ರವನ್ನು ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕಾದರೆ ಏನು ಮಾಡುವುದು ಎಂದು.

ಮಲ್ಲೇಶ್ವರದ ಗ್ರಂಥಪಾಲಕ | ಶುಕ್ರವಾರ, ರಾತ್ರಿ 9:40

ಒಳ್ಳೆಯ ಪ್ರಶ್ನೆ. ವಿಂಡೋಸ್ ಹಾಕಿ ಮುಗಿದ ಕೂಡಲೇ ಎನ್‌ವಿಡಿಎಯನ್ನೂ ಹಾಕಿ, ಲಾಗಿನ್ ಪರದೆಯಲ್ಲಿಯೇ ಅದು ಆರಂಭವಾಗುವಂತೆ ಹೊಂದಿಸಿ ಕೊಡಲು ಹೇಳಿ. ಪೆನ್‌ಡ್ರೈವ್‌ನಿಂದ ಓಡುವ ಪೋರ್ಟಬಲ್ ಎನ್‌ವಿಡಿಎ ಸಾಲದು. ಅನುಮತಿ ಕೇಳುವ ಕಿಟಕಿ ಬಂದಾಗ ಅದು ಓದಲಾರದು, ಅಲ್ಲೇ ನಾವು ಸಿಕ್ಕಿಕೊಳ್ಳುತ್ತೇವೆ. ದೂರದಿಂದ ನೆರವಾಗುವವರಿಗೂ ಒಂದು ಸುದ್ದಿ: 2025.1ನೆಯ ಆವೃತ್ತಿಯಿಂದ ರಿಮೋಟ್ ಆ್ಯಕ್ಸೆಸ್ ಎನ್‌ವಿಡಿಎಯ ಒಳಗೇ ಬಂದಿದೆ. ಸಾಮಾನ್ಯ ರಿಮೋಟ್ ತಂತ್ರಾಂಶಗಳು ಪರದೆಯ ಚಿತ್ರವನ್ನಷ್ಟೇ ಕಳುಹಿಸುತ್ತವೆ, ಆ ಕಡೆ ದೃಷ್ಟಿಯಿಲ್ಲದ ತಂತ್ರಜ್ಞರಿದ್ದರೆ ಚಿತ್ರದಿಂದ ಪ್ರಯೋಜನವಿಲ್ಲ. ಇದರಲ್ಲಿ ಮಾತೇ ಆ ಕಡೆ ಹೋಗುತ್ತದೆ. ಎಂದರೆ ದೃಷ್ಟಿಯಿಲ್ಲದವರೂ ಸಹಾಯ ಮೇಜಿನ ಆ ಬದಿಯಲ್ಲಿ ಕುಳಿತು ದುಡಿಯಬಹುದು. 1999ರಿಂದ ನಮ್ಮ ನಗರದಲ್ಲಿರುವ ಎನೇಬಲ್ ಇಂಡಿಯಾ ನಮ್ಮಂಥವರಿಗೆ ಕಂಪ್ಯೂಟರ್ ತರಬೇತಿ ಕೊಡುತ್ತಿದೆ, ಎಚ್‌ಎಸ್‌ಆರ್ ಬಡಾವಣೆಯ ಮಿತ್ರಜ್ಯೋತಿಯೂ ಕೊಡುತ್ತಿದೆ. ಹಾಗೆ ಕಲಿತವರನ್ನು ಕಂಪನಿಗಳು ತಮ್ಮ ಸಹಾಯ ವಿಭಾಗಕ್ಕೇ ತೆಗೆದುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಸಂದೇಹಿ | ಶುಕ್ರವಾರ, ರಾತ್ರಿ 10:00

ಆ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ಒಪ್ಪುತ್ತೇನೆ. ಪ್ರತ್ಯೇಕ ಸಂಖ್ಯೆಯೂ ಇರಬೇಕೆಂಬ ನನ್ನ ಅಭಿಪ್ರಾಯವನ್ನು ಮಾತ್ರ ಬಿಡುವುದಿಲ್ಲ.

ದುರಸ್ತಿ ಮೇಜು | ಶುಕ್ರವಾರ, ರಾತ್ರಿ 10:25

ಸದ್ದು, ಪ್ರಿಂಟರ್, ವೈಫೈ, ಪಾಸ್‌ವರ್ಡ್ ಈ ನಾಲ್ಕಕ್ಕೆ ಕೀಲಿಗಳ ಮೂಲಕವೇ ಸಾಗುವ ಹೆಜ್ಜೆಗಳನ್ನು ಕನ್ನಡದಲ್ಲಿ, ಯೂನಿಕೋಡ್‌ನಲ್ಲಿ, ಚಿಕ್ಕ ವಾಕ್ಯಗಳಲ್ಲಿ ಬರೆಯುತ್ತೇನೆ. ಆದರೆ ನಾನು ಬರೆದದ್ದು ನಿಜವಾಗಿ ನಡೆಯುತ್ತದೆಯೇ ಎಂದು ನೋಡಬೇಕಲ್ಲ. ಗ್ರಂಥಪಾಲಕರೇ, ನಾಳೆ ನಿಮಗೆ ಬಿಡುವಿದೆಯೇ? ನಾನು ಓದುತ್ತೇನೆ, ನೀವು ಒತ್ತಿ ನೋಡಿ.

ಮಲ್ಲೇಶ್ವರದ ಗ್ರಂಥಪಾಲಕ | ಶುಕ್ರವಾರ, ರಾತ್ರಿ 10:40

ನಾಳೆ ಗ್ರಂಥಾಲಯ ಒಂದು ಗಂಟೆಗೆ ಮುಚ್ಚುತ್ತದೆ, ಅನಂತರ ಬನ್ನಿ. ಸಂಪಿಗೆ ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಫೋನ್ ಮಾಡಿದರೆ ದಾರಿ ಹೇಳುತ್ತೇನೆ. ಕೈಮಾತು ಮೇಡಂ, ನೀವೂ ನಿಮ್ಮ ಗೆಳತಿಯೂ ಬಂದರೆ ಚಿತ್ರಗಳ ಭಾಗವನ್ನು ನೀವೇ ನೋಡಿಕೊಳ್ಳಬಹುದು. ನಿಮಗೆ ದಾರಿಯನ್ನು ಸಂದೇಶದಲ್ಲಿ ಕಳುಹಿಸುತ್ತೇನೆ.

ಕೈಮಾತು | ಶುಕ್ರವಾರ, ರಾತ್ರಿ 10:48

ಬರುತ್ತೇವೆ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ನನ್ನ ಫೋನಿನಲ್ಲಿದೆ, ನೀವು ಮಾತನಾಡಿದ್ದನ್ನು ಅದು ಅಕ್ಷರವಾಗಿ ತೋರಿಸುತ್ತದೆ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಮಾತನಾಡಿ. ಕಿಟಕಿಯ ಬೆಳಕು ನಿಮ್ಮ ಮುಖದ ಮೇಲೆ ಬೀಳುವಂಥ ಮೇಜನ್ನು ಹಿಡಿದಿಡಿ.

ವಿಜಯನಗರದ ಅಕ್ಕ | ಶುಕ್ರವಾರ, ರಾತ್ರಿ 11:05

ತಮ್ಮನಿಗೆ ಈ ಚರ್ಚೆಯನ್ನೆಲ್ಲ ಕಳುಹಿಸಿದ್ದೆ, ಈಗ ತಾನೇ ಓದಿ ಮುಗಿಸಿದ. ಆ ಹೆಜ್ಜೆಗಳ ಕಡತವನ್ನು ಪಿಡಿಎಫ್ ಮಾಡದೆ ಸರಳ ಪಠ್ಯವಾಗಿ ಕಳುಹಿಸಬೇಕಂತೆ. ಪರೀಕ್ಷಿಸಿ ತಪ್ಪುಗಳನ್ನು ಸೋಮವಾರದೊಳಗೆ ಬರೆದು ತಿಳಿಸುತ್ತಾನಂತೆ.